ಕಿಟಕಿ ಹಿಡಿದ ಕಡಲದ್ರಾಕ್ಷಿಯವರ ಸನ್ನಿಧಾನಕ್ಕೆ

ಮಾನ್ಯ ಕಡಲದ್ರಾಕ್ಷಿ ಮರದವರೇ,

ಎಲೆಯೊಂದೊಂದೂ ಊಟದ ತಟ್ಟೆಯಷ್ಟು ದುಂಡಗೆ, ನರವೆಲ್ಲ ಕೆಂಪಗೆ, ಕಾಲ ಯಾವುದಾದರೂ ಹಸಿರು ಬಿಡದ ತಮ್ಮ ಪಾದಗಳಿಗೆ, ಅಂದರೆ ತಮ್ಮನ್ನು ನೆಟ್ಟಿರುವ ನೀಲಿ ಡ್ರಮ್ಮಿಗೆ, ಈ ಮನೆಯ ಕಿರಿಯನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕಿಟಕಿಯ ಬಿಸಿಲೆಲ್ಲ ತಮ್ಮ ಮೇಲೇ ಬೀಳುವುದನ್ನು ನಡುಮನೆಯ ಕತ್ತಲಿನಿಂದ ದಿನವೂ ನೋಡುತ್ತಿದ್ದೇನೆ.

ಕಡಲತೀರದಲ್ಲಿ ಹೆಬ್ಬೆರಳುದ್ದವಿದ್ದ ತಮ್ಮನ್ನು, ಬಟ್ಟೆ ಹೊಲಿದು ಮನೆ ನಡೆಸುವ ನಮ್ಮ ಸೋದರತ್ತೆ ಕೈಚೀಲದಲ್ಲಿಟ್ಟು ಕರೆತಂದಾಗ, ಮನೆಗಿರುವ ಒಂದೇ ಬಿಸಿಲಿನ ಕಿಟಕಿಯ ಕೆಳಗೆ ನನ್ನ ಮಂಚವಿತ್ತು. "ಒಂದೆರಡು ದಿನ ಸರ್ಕೊಳ್ಳೋ, ಪಾಪ ಎಳೇದು" ಎಂದರು. ಸರಿದೆ. ಈಗ ತಾವು ಚಾವಣಿ ಮುಟ್ಟಿದ್ದೀರಿ, ನಾನು ಚಪ್ಪಲಿ ಸ್ಟ್ಯಾಂಡ್ ಮುಟ್ಟಿದ್ದೇನೆ.

ತಮ್ಮ ಸೇವೆಯಲ್ಲಿ ಲೋಪವಾಯಿತೆಂದು ಯಾರೂ ಅನ್ನುವಂತಿಲ್ಲ. ಸಮುದ್ರದ ಮರಕ್ಕೆ ಗಾಳಿ ಬೇಕೆಂದು ಟೇಬಲ್ ಫ್ಯಾನು ತಮ್ಮ ಕಡೆ ತಿರುಗಿತು, ನಾವು ಹಳೇ ಪೇಪರಿನಲ್ಲಿ ಬೀಸಿಕೊಂಡೆವು. ಉಪ್ಪೂ ಬೇಕೆಂದು ಅತ್ತೆ, ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಉಪ್ಪುನೀರು ತುಂಬಿ ಬೆಳಗ್ಗೆ ಸಂಜೆ ತಮಗೆ ಸಿಂಪಡಿಸಿದರು. ಎಲೆಯಂಚು ಕಂದಿದಾಗ ಬಂದು ನೋಡಿದ, ಗಿಡ ಮಾರುವ ನರ್ಸರಿ ಅಕ್ಕ ಹಣೆ ಚಚ್ಚಿಕೊಂಡು, "ಉಪ್ಪು ತಡ್ಕೊಳ್ಳುತ್ತೆ ಅಂದ್ರೆ ಉಪ್ಪು ಬೇಕು ಅಂತಲ್ಲಮ್ಮ! ಮರಳು ಬೆರೆಸಿದ ಮಣ್ಣು, ಬಿಸಿಲು, ಒಣಗಿದ ಮೇಲೆ ನೀರು, ಅಷ್ಟೇ" ಎಂದರು. ಹೊರಡುವಾಗ ಹೂಗೊಂಚಲು ನೋಡಿ ಇನ್ನೊಂದು ಮಾತು ಹೇಳಿದರು: ತಾವು ಗಂಡು ಮರ, ಹಣ್ಣು ಬಿಡುವ ಮಾತೇ ಇಲ್ಲ.

ಹಣ್ಣಿನಾಸೆಗೇ ಸಾಕಿದ್ದ ಅತ್ತೆ ಇನ್ನು ತಮ್ಮನ್ನು ತಾರಸಿಗೆ ಸಾಗಹಾಕುತ್ತಾರೆಂದು ನಾನು ಹಾಸಿಗೆಯ ಧೂಳು ಕೊಡವುತ್ತಿದ್ದರೆ, ಅವರ ಕಣ್ಣು ತುಂಬಿಬಂತು. "ಅಯ್ಯೋ, ಇಷ್ಟು ವರ್ಷ ಒಂಟಿಯಾಗಿತ್ತಲ್ಲೋ! ಒಂದು ಹೆಣ್ಣು ತಂದ್ರಾಯ್ತು." ಭಾನುವಾರ ವಧು ಆಗಮಿಸುತ್ತಾರಂತೆ, ಅವರ ಡ್ರಮ್ಮಿಗೆ ಕಿಟಕಿಯ ಬಳಿ ಜಾಗ ಬೇಕಾದ್ದರಿಂದ ಅಲ್ಲಿರುವ ಹೊಲಿಗೆ ಯಂತ್ರ ನಾನಿರುವಲ್ಲಿಗೆ ಬರುತ್ತದಂತೆ, ನಾನೆಲ್ಲಿಗೆ ಎಂದು ಕೇಳಿದರೆ, "ನಿಂಗೇನೋ, ಎಲ್ಲಿ ಬಿಟ್ರೂ ಬೆಳೀತೀಯ" ಎಂದರು.

ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ಮದುವೆಯಾದ ಕೂಡಲೇ ತಾವು ಮರ್ಯಾದಸ್ಥ ಗಂಡಸಿನಂತೆ ತಾರಸಿಯಲ್ಲಿ ಬೇರೆ ಮನೆ ಮಾಡಬೇಕು. ಅಲ್ಲಿ ಬಿಸಿಲುಂಟು, ಗಾಳಿಯುಂಟು, ಹೊಸ ಜೋಡಿಯನ್ನು ಇಣುಕಿ ನೋಡುವವರಿಲ್ಲ. ಈ ಮಾತನ್ನು ಅತ್ತೆಗೆ ತಾವೇ ಬಾಯಿಬಿಟ್ಟು ಹೇಳಬೇಕು; ನಾನು ಹೇಳಿದರೆ ಸಂಸಾರ ಒಡೆದವನೆಂಬ ಅಪವಾದ ಬರುತ್ತದೆ. ಮೆಟ್ಟಿಲು ಹತ್ತುವುದು ಕಷ್ಟವಾದರೆ ಹೊರಲು ನಾನಿದ್ದೇನೆ.

ಮಂಚವಿದ್ದೂ ಜಾಗವಿಲ್ಲದ,
ತಮ್ಮ ವಿಶ್ವಾಸಿ,
ಅತ್ತೆಯ ಸೋದರಳಿಯ

ತಾ.ಕ.: ನರ್ಸರಿ ಅಕ್ಕ ಈಗಷ್ಟೇ ಫೋನ್ ಮಾಡಿದ್ದರು. ತಮಗೆ ಗೊತ್ತುಮಾಡಿದ್ದ ವಧು ಇವತ್ತು ಹೂ ಬಿಟ್ಟಿದ್ದಾರೆ. ಅವರೂ ಗಂಡೇ ಅಂತೆ. ಫೋನ್ ಎತ್ತಿದ್ದು ನಾನು. ತಾವು ತಾರಸಿಗೆ ಒಪ್ಪಿದರೆ ನನ್ನ ಬಾಯಿಂದ ಒಂದಕ್ಷರ ಹೊರಬೀಳುವುದಿಲ್ಲ. ಒಪ್ಪದಿದ್ದರೆ ಅತ್ತೆಗೆ ಹೇಳುತ್ತೇನೆ. ಗೊತ್ತುಮಾಡಿದವರನ್ನು ಬೇಡವೆನ್ನುವ ಮನಸ್ಸು ಅವರದಲ್ಲ, ಹೆಣ್ಣೊಂದನ್ನು ಹುಡುಕುವುದನ್ನೂ ಬಿಡುವವರಲ್ಲ. ಆಮೇಲೆ ಆ ಒಂದು ಕಿಟಕಿಯಲ್ಲಿ ಮೂವರು ಹೇಗೆ ಸರಿದುಕೊಳ್ಳುತ್ತೀರೋ, ಮೆಟ್ಟಿಲ ಮೇಲೆ ಕೂತು ನೋಡುತ್ತೇನೆ.