ನಾನು ಡಾಕ್ಟರಾಗಿದ್ದ ಹದಿನೆಂಟು ದಿನ

1979ರ ಜನವರಿ 8, ಸೋಮವಾರ, ಬೆಳಿಗ್ಗೆ ಎಂಟೂಕಾಲು. ನಾನು ಡಾಕ್ಟರಾದದ್ದು ಆಗ.

ಪಂಜದ ಒಂದು ಕ್ಲಿನಿಕ್ಕಿನಲ್ಲಿ ನಾನು ಕಂಪೌಂಡರ್. ಮಗಳ ಹೆರಿಗೆಗೆಂದು ಒಂದು ತಿಂಗಳು ಮೈಸೂರಿಗೆ ಹೊರಟ ನಮ್ಮ ಡಾಕ್ಟರು ಬಸ್ಸಿನ ಮೆಟ್ಟಿಲಲ್ಲಿ ನಿಂತು ಹೇಳಿದ್ದು ಇಷ್ಟೇ: ಗಾಯಕ್ಕೆ ಪಟ್ಟಿ ಕಟ್ಟು, ಹಳೆಯ ಚೀಟಿಗೆ ಔಷಧ ಕೊಡು, ಹೊಸ ಕಾಯಿಲೆ ಬಂದರೆ ಪುತ್ತೂರಿಗೆ ಕಳಿಸು.

ನನ್ನ ಡೈರಿಯ ಪ್ರಕಾರ ಆ ದಿನ ನನ್ನನ್ನು ‘ಡಾಕ್ಟ್ರೆ’ ಎಂದವರು ಹನ್ನೊಂದು ಮಂದಿ. ನಾನು ತಿದ್ದಿದ್ದು ಹನ್ನೊಂದು ಸಲ. ಮೂರನೆಯ ದಿನ ಹದಿನಾಲ್ಕು ಮಂದಿ. ತಿದ್ದಿದ್ದು ನಾಲ್ಕು ಸಲ. ಆರನೆಯ ದಿನ ಇಪ್ಪತ್ತು, ತಿದ್ದಿದ್ದು ಸೊನ್ನೆ. ಏಳನೆಯ ದಿನ ಭಾನುವಾರ, ರಜೆ. ಹಲಗೆಯೊಂದಕ್ಕೆ ಬಣ್ಣ ಬಳಿದು ನನ್ನ ಹೆಸರು ಬರೆದೆ. ಮುಂದೆ ‘ಡಾಕ್ಟರ್’ ಸೇರಿಸಿದೆ. ಸಾರ್ವಜನಿಕರ ಒತ್ತಾಯ!

ಒಂಬತ್ತನೆಯ ದಿನ ಸರ್ಕಾರದ ಸುತ್ತೋಲೆ ಬಂತು. ನೋಂದಣಿ ಇಲ್ಲದವರು ಹೆಸರಿನೊಡನೆ ‘ಡಾಕ್ಟರ್’ ಎಂದು ಬಳಸತಕ್ಕದ್ದಲ್ಲ. ನಾನು ಕಾನೂನಿಗೆ ತಲೆಬಾಗುವವನು. ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನೇ ಕತ್ತರಿಸಿ ಆ ಪದದ ಮೇಲೆ ಅಂಟಿಸಿದೆ. ಕಂಪೌಂಡರುಗಳು ಸ್ವತಂತ್ರವಾಗಿ ಚಿಕಿತ್ಸೆ ನೀಡತಕ್ಕದ್ದಲ್ಲ ಎಂಬುದು ಎರಡನೆಯ ಪುಟದಲ್ಲಿತ್ತು. ನಾನು ಪುಟ ತಿರುಗಿಸಿದ್ದು ಹತ್ತೊಂಬತ್ತನೆಯ ದಿನ.

ಹದಿನಾರನೆಯ ದಿನ, ಕೇರಳದಿಂದ ರಬ್ಬರು ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಬಂದಿದ್ದ ತೋಮಸ್ ಹೊಟ್ಟೆ ಹಿಡಿದುಕೊಂಡು ಬಂದ. ಗ್ಯಾಸ್ ಎಂದು ತೀರ್ಮಾನಿಸಿ ಗುಲಾಬಿ ಬಣ್ಣದ ಮಿಕ್ಸ್ಚರ್ ಕೊಟ್ಟೆ. ಮರುದಿನ ಅವನ ಹೆಂಡತಿ ಏಲಿಯಮ್ಮ ಬಂದು, ಜ್ವರವೂ ಬಂದಿದೆ ಎಂದಳು. ಮಿಕ್ಸ್ಚರ್ ಇಮ್ಮಡಿ ಮಾಡಿದೆ.

“ಪುತ್ತೂರಿಗೆ ಕೊಂಡೋಗುದಾ ಡಾಕ್ಟ್ರೆ? ಈಗ ಬಸ್ಸುಂಟು.”

“ಎಂತಕ್ಕೆ ಏಲಿಯಮ್ಮ? ನಾನಿಲ್ವಾ?”

ಬಸ್ಸು ಅವಳೆದುರೇ ಹೋಯಿತು. ಡೈರಿಯಲ್ಲಿ ಸಮಯವೂ ಇದೆ: ಹನ್ನೊಂದು ಹತ್ತು.

ಹದಿನೆಂಟನೆಯ ದಿನ ತೋಮಸನನ್ನು ಬೆಂಚಿನ ಮೇಲೆ ಹೊತ್ತು ತಂದು ಜೀಪಿಗೆ ಹಾಕಿದರು. ಅಪೆಂಡಿಕ್ಸ್ ಒಡೆದಿದೆ ಎಂದು ಪುತ್ತೂರಿನವರು ಮಂಗಳೂರಿಗೆ ಅಟ್ಟಿದರಂತೆ. ಜೀಪಿನ ಡ್ರೈವರು ಇದನ್ನು ಹೇಳುವಾಗಲೂ ನನ್ನನ್ನು ‘ಡಾಕ್ಟ್ರೆ’ ಎಂದೇ ಕರೆದ. ಆ ದಿನ ತಿದ್ದಿದೆ.

ನನ್ನ ಟೆಲಿಗ್ರಾಂ ನೋಡಿ ಓಡಿಬಂದ ಡಾಕ್ಟರು ಡೈರಿಯನ್ನು ಕೊನೆಯವರೆಗೂ ಓದಿದರು.

“ಲೆಕ್ಕ ಚಂದ ಉಂಟು. ಅವನ ಹೊಟ್ಟೆ ಮುಟ್ಟಿ ನೋಡಿದ್ದಿಯಾ ಮಾರಾಯ?”

ಅದಕ್ಕೆ ನನ್ನ ಡೈರಿಯಲ್ಲಿ ಕಾಲಂ ಇರಲಿಲ್ಲ.

ಏಲಿಯಮ್ಮ ಪಂಜಕ್ಕೆ ಮರಳಲಿಲ್ಲ. ಯಾರೋ ನೆಂಟರು ಬಂದು ಪಾತ್ರೆಗಳನ್ನು ಕಟ್ಟಿಕೊಂಡು ಹೋದರು. ಮಂಗಳೂರಿನ ಆಸ್ಪತ್ರೆಗಳಲ್ಲಿ ಎರಡು ಸಲ ವಿಚಾರಿಸಿದೆ, ಏನೂ ತಿಳಿಯಲಿಲ್ಲ. ನನ್ನ ಹದಿನೆಂಟು ದಿನಗಳ ಲೆಕ್ಕ ಹೀಗಿದೆ: ಗುಣವಾದವರು ನೂರಾ ಮೂವತ್ತೆರಡು, ತಾವಾಗಿಯೇ ಗುಣವಾಗುತ್ತಿದ್ದವರೂ ಸೇರಿ. ಗೊತ್ತಿಲ್ಲ: ಒಂದು.

ತೋಮಸ್ ಬದುಕಿದ್ದಾನೆಯೇ ಎಂದು ತಿಳಿದವರು ದಯವಿಟ್ಟು ಒಂದು ಕಾರ್ಡು ಬರೆಯಿರಿ. ವಿಳಾಸದಲ್ಲಿ ನನ್ನ ಹೆಸರಿನ ಮುಂದೆ ಏನೂ ಬೇಡ.