ನಡಿಗೆ ಸ್ಪರ್ಧೆಯ ಪ್ರಥಮ ವಿಜೇತರಿಗೆ

ಮಾನ್ಯ ವಾಷಿಂಗ್ ಮೆಷಿನ್ ಅವರೇ,

ಬಚ್ಚಲುಮನೆಯ ಮೂಲೆಯಲ್ಲಿ ಶಾಂತವಾಗಿ ನೆಲೆಸಿರುವ ತಮಗೆ ಈ ಮನೆಯ ಯಜಮಾನನ ಸವಿನಯ ವಂದನೆಗಳು. ಲಾಕ್‌ಡೌನಿನಲ್ಲಿ ಮಕ್ಕಳು ಜಡವಾಗಬಾರದೆಂದು ಮಗಳ ಶಾಲೆಯವರು ಏರ್ಪಡಿಸಿದ, ಫೋನು ಹೆಜ್ಜೆ ಎಣಿಸುವ ನಡಿಗೆ ಸ್ಪರ್ಧೆಯಲ್ಲಿ ಮೊದಲ ವಾರವೇ ತಾವು ನಾಲ್ಕನೇ ತರಗತಿಗೆ ಮೊದಲಿಗರಾಗಿದ್ದೀರಿ, ಹೃತ್ಪೂರ್ವಕ ಅಭಿನಂದನೆಗಳು. ಪ್ರಶಸ್ತಿಪತ್ರದಲ್ಲಿ ಮಗಳ ಹೆಸರಿರುವುದನ್ನು ದೊಡ್ಡ ಮನಸ್ಸಿನಿಂದ ಮನ್ನಿಸಬೇಕು.

ಪ್ರಶಸ್ತಿ ಬಂದ ದಿನ ನಾನು ಬೀಗಿಹೋಗಿ ಅತ್ತೆಯವರಿಗೆ, ತಂಗಿಗೆ, ಮೇಲಿನ ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ. ಇಷ್ಟು ನಡೆಯುವ ಹುಡುಗಿಯ ಫ್ರಾಕಿನ ಗುಂಡಿ ಯಾಕೆ ಕೂಡುತ್ತಿಲ್ಲ, ಎರಡು ಮೆಟ್ಟಿಲು ಹತ್ತಿದರೆ ಯಾಕೆ ಏದುಸಿರು ಬರುತ್ತದೆ ಎಂದು ಡಾಕ್ಟರನ್ನೂ ಕೇಳಿದೆ. ಅವರು ಗೊಂದಲಕ್ಕೆ ಬಿದ್ದು, ಮೊದಲು ಬಿಸ್ಕತ್ತು ಚಿಪ್ಸು ನಿಲ್ಲಿಸಿ, ಈ ಏದುಸಿರನ್ನು ಹಗುರವಾಗಿ ಕಾಣಬೇಡಿ ಎಂದರು.

ಮರುದಿನ ಬಟ್ಟೆ ತೆಗೆಯಲು ಸ್ವಲ್ಪ ಬೇಗ ಬಂದೆ. ತಾವು ಗಡಗಡ ನಡುಗುತ್ತ ಬಟ್ಟೆ ಹಿಂಡುತ್ತಿದ್ದಿರಿ. ತಮ್ಮ ಮುಚ್ಚಳದ ಹಿಡಿಗೆ ಜಡೆಯ ರಿಬ್ಬನ್ನಿನಿಂದ ಕಟ್ಟಿದ್ದ ಫೋನು ಒಂದೇ ಸಮನೆ ಹೆಜ್ಜೆ ಎಣಿಸುತ್ತಿತ್ತು. ಮಗಳು ಚಿಪ್ಸ್ ಪೊಟ್ಟಣದೊಂದಿಗೆ ಸೋಫಾದಲ್ಲಿ ಒರಗಿದ್ದಳು.

ಅವಳ ಪರವಾಗಿ ನಡೆಯುವ ತಾವು ಅವಳ ಪರವಾಗಿ ಚಿಪ್ಸನ್ನೂ ತಿನ್ನಬೇಕೆಂದು, ಬಟ್ಟೆಯ ನೀರು ಹಿಂಡಿದಂತೆ ಅವಳ ಬೊಜ್ಜನ್ನೂ ಹಿಂಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಅವಳಿಗೆ ಸೊಪ್ಪು ತಿನ್ನಿಸುವ ವಿದ್ಯೆ ಅವಳ ಅಮ್ಮನಿಗಷ್ಟೇ ಗೊತ್ತಿತ್ತು. ಲಾಕ್‌ಡೌನ್ ಶುರುವಾದ ವಾರವೇ ಅವಳ ಅಮ್ಮ ತೀರಿಕೊಂಡಳು. ಅಂದಿನಿಂದ ಮಗು ಮಂಕಾದಾಗಲೆಲ್ಲ ನಾನು ಒಂದು ಪೊಟ್ಟಣ ಒಡೆದು ಕೈಗಿಡುತ್ತ ಬಂದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಗದರಲು ಹೋದವನಿಗೆ ಮಗಳು ಹೇಳಿದ್ದಿಷ್ಟು: "ದಿನಾ ಸಂಜೆ ಅಮ್ಮನ ಜೊತೆ ಟೆರೇಸಲ್ಲಿ ನಡೀತಿದ್ದೆ ಅಪ್ಪಾ. ಒಬ್ಳೇ ಹೋಗೋಕಾಗಲ್ಲ. ನೀನು ಬರ್ತೀಯಾ?"

ಆದ್ದರಿಂದ ತಮ್ಮನ್ನು ನಡಿಗೆಯ ಹೊಣೆಯಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ. ನಿನ್ನೆ ಸಂಜೆ ಇಬ್ಬರೂ ಮೇಲೆ ಹೊರಟೆವು. ಮೆಟ್ಟಿಲಿನ ತಿರುವಿನಲ್ಲಿ ಸುಸ್ತಾಗಿ ಮೊದಲು ಕುಳಿತವನು ನಾನು. ಕೈ ಹಿಡಿದು ಎಬ್ಬಿಸಿದವಳು ಅವಳು.

ತಮ್ಮ ಒಗೆತದ ಮೇಲೆ ಮಾತ್ರ ಇಂದಿಗೂ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಮಗುವಿನ ಅಪ್ಪ

ವಿ.ಸೂ.: ತಾವಿಲ್ಲದ ಮೊದಲ ದಿನದ ಎಣಿಕೆ ನೋಡಿ ಪಿ.ಟಿ. ಮೇಷ್ಟ್ರು ಗಾಬರಿಯಾಗಿದ್ದಾರೆ. ತರಗತಿಗೇ ಮೊದಲಿದ್ದವಳು ಒಂದೇ ದಿನಕ್ಕೆ ಕೊನೆಗಿಳಿದಿದ್ದಾಳಲ್ಲ, ಹುಷಾರಿಲ್ಲವೇ ಎಂದು ವಿಚಾರಿಸಿದರು. ಈಗ ಹುಷಾರಾಗುತ್ತಿದ್ದಾಳೆ ಎಂದು ಉತ್ತರಿಸಿದೆ.