ನಿಲ್ಲಲೊಲ್ಲದ ಟೆಲಿಪ್ರಿಂಟರ್

ಯಂತ್ರ ನಡೆಯದಿದ್ದರೆ ಜನ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ, ನಿಲ್ಲದಿದ್ದರೆ ಪೂಜಾರಿಯನ್ನು. ಎಂಬತ್ತರ ದಶಕದ ಆರಂಭದಲ್ಲಿ ನಾನು ಕೊಪ್ಪಳದಿಂದ ಬಸ್ಸು ಹಿಡಿದು ಸುತ್ತಲಿನ ತಾಲೂಕುಗಳ ತಾರು ಯಂತ್ರ ರಿಪೇರಿ ಮಾಡುತ್ತಿದ್ದೆ. ಎಲ್ಲ ಕಡೆಗೂ ಪೂಜಾರಿಯ ನಂತರವೇ ತಲುಪುತ್ತಿದ್ದೆ.

೧. ಲಿಂಬಿಹಣ್ಣು

ಯಲಬುರ್ಗಾದ ತಾರು ಕಚೇರಿಯ ಟೆಲಿಪ್ರಿಂಟರ್ ಸಂಜೆ ಮುಚ್ಚುವ ಹೊತ್ತಿಗೆ ನಿಲ್ಲುತ್ತಿರಲಿಲ್ಲ. ಕೊಪ್ಪಳದವರು ಹೊಡೆದ ಸುದ್ದಿಯನ್ನು ಇಲ್ಲಿ ತಾನೇ ಅಚ್ಚು ಮಾಡುವ ಯಂತ್ರ ಅದು. ಗುಮಾಸ್ತ ಲೈನಿನ ಪ್ಲಗ್ ಕಿತ್ತ ಮೇಲೂ ಕಟಕಟ ಬಡಿದುಕೊಳ್ಳುತ್ತಿತ್ತು. ಕಾಗದದ ಮೇಲೆ ಒಂದಕ್ಷರವೂ ಮೂಡುತ್ತಿರಲಿಲ್ಲ.

“ತಂತೀನ ಇಲ್ಲಂದ್ರ ಕಳಸಾವ್ರು ಯಾರ್ರಿ?” ಎಂದು ಕೇಳಿದ ಗುಮಾಸ್ತ, ಉತ್ತರವನ್ನೂ ತಾನೇ ಹೇಳಿದ. ಅವನಿಗಿಂತ ಮೊದಲಿದ್ದ ಮುದುಕ ಗುಮಾಸ್ತರು. ನಿವೃತ್ತಿಗೆ ಮುಂಚೆಯೇ ತೀರಿಕೊಂಡವರು.

ಯಂತ್ರಕ್ಕೆ ಲಿಂಬಿಹಣ್ಣು ಕಟ್ಟಿತ್ತು.

“ಪೂಜಾರಿ ನೋಡಿದ್ರೇನು?” ಎಂದೆ.

“ನೋಡ್ಯಾರ್ರಿ,” ಎಂದರು ಪೋಸ್ಟ್ ಮಾಸ್ತರರು. “ಅವ್ರು ಬಿಚ್ಚಲಾರದ ನೋಡಿದ್ರು, ನೀವು ಬಿಚ್ಚಿ ನೋಡ್ತೀರಿ. ಅಷ್ಟ ಫರಕು.”

೨. ಚಹಾ

ನಾವು ಮೂವರಿದ್ದೆವು. ನಾಲ್ಕು ಕಪ್ ಚಹಾ ಬಂತು.

“ಅದು ಅವರ್ದು,” ಎಂದ ಗುಮಾಸ್ತ, ಯಂತ್ರದ ಕಡೆ ಗೋಣು ಮಾಡಿ.

ಆ ನಾಲ್ಕನೆಯ ಚಹಾ ಆರುತ್ತಿತ್ತು. ನಾನೇ ಕುಡಿದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತ ಕುಳಿತರು.

“ಹ್ಯಾಂಗೈತ್ರಿ?” ಮಾಸ್ತರರು ಮೆಲ್ಲಗೆ ಕೇಳಿದರು.

“ಸಕ್ಕರೆ ಹಾಕಿಲ್ಲ.”

“ಹೌದ್ರಿ. ಅವ್ರಿಗೆ ಸಕ್ರಿ ಬ್ಯಾನಿ ಇತ್ತು.”

೩. ವರ್ಗ

ಕಾರಣ ಸಿಕ್ಕಿತು. ಮೊದಲು ಮೋಟಾರು ಆರಿಸಿ ಆಮೇಲೆ ಲೈನು ಕೀಳಬೇಕು. ಗುಮಾಸ್ತ ಮೊದಲೇ ಲೈನು ಕೀಳುತ್ತಿದ್ದ, ಯಂತ್ರ ಬಡಿದುಕೊಳ್ಳುತ್ತಿತ್ತು, ಹೆದರಿ ಯಾರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಕಲಿಸಬೇಕಾದವರು ಸತ್ತಿದ್ದರು. ಮಾಡಿ ತೋರಿಸಿದೆ. ಯಂತ್ರ ಸುಮ್ಮನಾಯಿತು.

ಗುಮಾಸ್ತನ ಮುಖ ಇಳಿಯಿತು. ಬಸ್ ಸ್ಟ್ಯಾಂಡಿನವರೆಗೆ ಬಂದು ಬಾಯಿಬಿಟ್ಟ.

“ಹೆಂಡ್ತಿ ಗಂಗಾವತಿ ಸಾಲ್ಯಾಗ ಟೀಚರ್ ಅದಾಳ್ರಿ. ಕೂಸು ನನ್ನ ನೋಡಿದ್ರ ಅಳತೈತಿ, ಯಾರೋ ಬಂದಾನಂತ. ಅಲ್ಲಿಗೆ ವರ್ಗ ಕೇಳೇನಿ. ದೆವ್ವದ ಮ್ಯಾಲ ಆಶಾ ಇಟ್ಟಿದ್ನಿ. ಅದನ್ನೂ ನೀವು ರಿಪೇರಿ ಮಾಡಿದ್ರಿ.”

ವರದಿಯಲ್ಲಿ ಹೀಗೆ ಬರೆದೆ: ‘ಯಂತ್ರದಲ್ಲಿ ದೋಷವಿಲ್ಲ. ಗುಮಾಸ್ತನಿಗೆ ಅದರ ಭಯ ಹೋಗಿಲ್ಲ. ಇಬ್ಬರನ್ನೂ ಒಂದೇ ಕಚೇರಿಯಲ್ಲಿ ಇಡಬಾರದು.’

ಇಲಾಖೆ ಒಪ್ಪಿತು. ಯಂತ್ರವನ್ನು ಗಂಗಾವತಿಗೆ ವರ್ಗ ಮಾಡಿತು.

೪. ರವಿವಾರ

ಮುಂದೊಮ್ಮೆ ಕುಷ್ಟಗಿಯಿಂದ ಮರಳುವಾಗ ಯಲಬುರ್ಗಾದಲ್ಲಿ ಇಳಿದೆ. ಗುಮಾಸ್ತ ಅಲ್ಲೇ ಇದ್ದ. ತಾರುಗಳನ್ನು ಈಗ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದ. ಯಂತ್ರವಿದ್ದ ಮೇಜು ಖಾಲಿ. ಧೂಳಿನ ನಡುವೆ ಅದರ ಚೌಕದ ಗುರುತು.

ಕಚೇರಿ ಮುಚ್ಚುವ ಹೊತ್ತಿಗೆ ಆ ಮೇಜಿನಿಂದ ಕಟಕಟ ಸದ್ದು ಬಂತು. ತುಸು ಹೊತ್ತು ನಡೆದು ನಿಂತಿತು.

“ಇಲಿ,” ಎಂದೆ.

“ನಾನೂ ಹಂಗ ಅನ್ಕೊಂಡಿದ್ನಿ,” ಎಂದ ಗುಮಾಸ್ತ, ಕಿಟಕಿ ಮುಚ್ಚುತ್ತ. “ಹಿಂದಿನ ಖೋಲ್ಯಾಗ ನಾ ಇರೂದು, ದಿನಾ ಕೇಳ್ತೀನಿ. ರವಿವಾರ ಬರೂದಿಲ್ರಿ. ಸರ್ಕಾರಿ ರಜಾ ಇದ್ರೂ ಬರೂದಿಲ್ಲ.”

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಬಿಲವಿರಲಿಲ್ಲ.

“ನನ್ನ ವರ್ಗಕ್ಕ ಇನ್ನೊಂದು ಶಿಫಾರಸು ಬರದು ಕೊಡ್ರಿ ಸರ,” ಎಂದು ಕಾಗದ ಚಾಚಿದ. ಆ ಮೇಜಿನ ಮುಂದಿದ್ದ ಕುರ್ಚಿಯನ್ನು ನನ್ನ ಕಡೆ ಎಳೆದ. “ಕುಂದರ್ರಿ. ಅವ್ರು ಈಗ ಎದ್ದು ಹೋಗ್ಯಾರ.”

ಆ ಶಿಫಾರಸಿನಿಂದ ಅವನಿಗೆ ಗಂಗಾವತಿ ಸಿಕ್ಕಿತು. ಅಕ್ಷರಗಳು ಮಾತ್ರ ಸೊಟ್ಟಗಿದ್ದವು. ದೆವ್ವಗಳನ್ನು ನಾನು ನಂಬುವುದಿಲ್ಲ. ಆದರೆ ನಿಂತು ಬರೆದಿದ್ದೆ.